ಬೈರಿಗೆಯ ವಂಶಾವಳಿ

ಮಡಿವಾಳದ ಸೋಮೇಶ್ವರ ದೇವಾಲಯದ ಗೋಡೆಯಲ್ಲಿ 1247ರ ತಮಿಳು ಶಾಸನವೊಂದಿದೆ. ವೆಂಗಳೂರಿನ ದೊಡ್ಡ ಕೆರೆಯ ಕೆಳಗಿನ ಭೂಮಿಯನ್ನು ದಾನವಿತ್ತ ಸಂಗತಿ ಅದರಲ್ಲಿದೆ. ಕಲ್ಲಿನಲ್ಲಿ ಕೊರೆದ ಅಕ್ಷರಗಳು ಏಳು ಶತಮಾನಗಳಿಗೂ ಮಿಗಿಲಾಗಿ ಉಳಿದಿವೆ. ಆದರೆ ಕೊರೆಯುವ ಉಪಕರಣಗಳಿಗೆ ಅಂತಹ ಭಾಗ್ಯವಿಲ್ಲ. ಅವು ಗುಜರಿಯವನ ತಕ್ಕಡಿಯನ್ನು ಸೇರುತ್ತವೆ. ಅವುಗಳ ಚರಿತ್ರೆಯನ್ನು ಕುರಿತು ನಾಲ್ಕು ಮಾತು ಬರೆಯುವುದು ಈ ಲೇಖನದ ಉದ್ದೇಶ.

ನಮ್ಮ ಬಡಗಿಗಳ ಬೈರಿಗೆ ಹಗ್ಗದ ಎಳೆತದಿಂದ ತಿರುಗುತ್ತಿತ್ತು. ಆ ತಿರುಗುವಿಕೆಗೆ ವಿದ್ಯುತ್ತನ್ನು ಜೋಡಿಸಿ 1889ರಲ್ಲಿ ಪೇಟೆಂಟ್ ಪಡೆದವರು ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಆರ್ಥರ್ ಜೇಮ್ಸ್ ಆರ್ನಟ್ ಮತ್ತು ವಿಲಿಯಂ ಬ್ಲಾಂಚ್ ಬ್ರೈನ್. 1895ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನ ಫೈನ್ ಸಂಸ್ಥೆ ಕೈಯಲ್ಲಿ ಹಿಡಿಯಬಹುದಾದ ವಿದ್ಯುತ್ ಡ್ರಿಲ್ಲನ್ನು ತಯಾರಿಸಿತು. ಅಲಗನ್ನು ಬಿಗಿಹಿಡಿಯುವ ಮೂರು ದವಡೆಯ ಚಕ್ಕಿಗೆ ಆರ್ಥರ್ ಜೇಕಬ್ಸ್ 1902ರಲ್ಲಿ ಪೇಟೆಂಟ್ ಪಡೆದರು. ಪಿಸ್ತೂಲಿನಂತಹ ಹಿಡಿ ಮತ್ತು ಬೆರಳಿನಿಂದ ಒತ್ತುವ ಸ್ವಿಚ್ಚಿಗಾಗಿ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಸಂಸ್ಥೆಗೆ 1917ರಲ್ಲಿ ಪೇಟೆಂಟ್ ದೊರೆಯಿತು. ಇಂದಿಗೂ ಡ್ರಿಲ್ಲಿನ ಆಕಾರ ಬಹುಮಟ್ಟಿಗೆ ಅದೇ.

ಬೆಂಗಳೂರಿಗೆ ಇದು ಬರಲು ಮೊದಲು ವಿದ್ಯುತ್ ಬರಬೇಕಿತ್ತಷ್ಟೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿತು. 1951ರಲ್ಲಿ ಸ್ಥಾಪಿತವಾದ ಮೈಕೋ ಕಾರ್ಖಾನೆ ನಮ್ಮ ನೆರೆಯ ಆಡುಗೋಡಿಯಲ್ಲಿ ಬೆಳೆಯಿತು. ದೊಡ್ಡ ಕಾರ್ಖಾನೆಯ ಸುತ್ತ ಸಣ್ಣ ವರ್ಕ್‌ಶಾಪುಗಳು ಹುಟ್ಟುವುದು ಸಹಜ. ಅಂತಹ ವರ್ಕ್‌ಶಾಪುಗಳಲ್ಲಿ ಕಾಣುತ್ತಿದ್ದ ಹೆಸರುಗಳಲ್ಲಿ ರ‍್ಯಾಲಿವುಲ್ಫ್ ಒಂದು. ರ‍್ಯಾಲಿಸ್ ಮತ್ತು ಬ್ರಿಟನ್ನಿನ ವುಲ್ಫ್ ಎಂಬೆರಡು ಹೆಸರುಗಳು ಕೂಡಿ ಆದದ್ದು ಅದು. ಅದರ ಲೋಹದ ಕವಚದ ತೂಕವನ್ನು ಹಿಡಿದು ಬಲ್ಲವರೇ ಬಲ್ಲರು.

ಇಂತಹ ಹಳೆಯ ಯಂತ್ರ ನಿಂತುಹೋದರೆ ಅದು ಸತ್ತಿತೆಂದು ಭಾವಿಸಬಾರದು. ಮೊದಲು ಸವೆಯುವುದು ಕಾರ್ಬನ್ ಬ್ರಷ್ಷು. ತಿರುಗುವ ಆರ್ಮೇಚರಿನ ತಾಮ್ರದ ಪಟ್ಟಿಗಳಿಗೆ ವಿದ್ಯುತ್ತನ್ನು ದಾಟಿಸುತ್ತಾ ಅದು ತಾನೇ ಸವೆಯುತ್ತದೆ. ಅದೇ ಅಳತೆಯದು ದೊರಕದಿದ್ದರೆ ತುಸು ದೊಡ್ಡದನ್ನು ತಂದು ಉಜ್ಜಿ ಕೂರಿಸಬಹುದು. ಬೇರಿಂಗಿನ ಮೇಲೆ ಅದರ ಸಂಖ್ಯೆಯೇ ಕೆತ್ತಿರುತ್ತದೆ. 608 ಎಂದಿದ್ದರೆ ಒಳರಂಧ್ರ 8 ಮಿ.ಮೀ., ಹೊರವ್ಯಾಸ 22 ಮಿ.ಮೀ., ದಪ್ಪ 7 ಮಿ.ಮೀ.; ಜಗತ್ತಿನ ಯಾವ ಅಂಗಡಿಯಲ್ಲಿ ಕೇಳಿದರೂ ಅದೇ. ಸುಟ್ಟ ಆರ್ಮೇಚರನ್ನು ವೈಂಡಿಂಗ್ ಬಲ್ಲವರು ಮತ್ತೆ ಸುತ್ತಬಲ್ಲರು. ಕಷ್ಟವಾಗುವುದು ಗೇರಿನ ವಿಷಯದಲ್ಲಿ. ಅದರ ಹಲ್ಲುಗಳ ಎಣಿಕೆ, ಓರೆ ಎಲ್ಲವೂ ಆ ಒಂದು ಮಾದರಿಗೇ ಮೀಸಲು. ಆಗ ಎಸ್.ಪಿ. ರಸ್ತೆಯ ಹಳೆಯ ಸಾಮಾನಿನ ರಾಶಿಯಲ್ಲಿ ಅದೇ ಮಾದರಿಯ ಇನ್ನೊಂದು ಕೆಟ್ಟ ಯಂತ್ರವನ್ನು ಹುಡುಕಿ, ಎರಡರಿಂದ ಒಂದನ್ನು ಮಾಡಬೇಕು.

ಇದರಲ್ಲೊಂದು ಚರಿತ್ರೆಯ ಪಾಠವಿದೆ. ಯಾವ ಭಾಗ ಎಲ್ಲರಿಗೂ ಸೇರಿದ ಅಳತೆಯಲ್ಲಿದೆಯೋ ಅದು ಕಂಪನಿಗಿಂತ ಹೆಚ್ಚು ಕಾಲ ಬಾಳುತ್ತದೆ. ಯಾವುದು ಒಂದೇ ಕಂಪನಿಯ ಸ್ವತ್ತೋ ಅದು ಆ ಕಂಪನಿಯೊಡನೆ ಕಾಣೆಯಾಗುತ್ತದೆ. ತಂತಿ ಸುತ್ತುವ ಕೈಗಳ ಮಾತೂ ಹಾಗೆಯೇ. ಸುತ್ತುಗಳ ಎಣಿಕೆ, ತಂತಿಯ ದಪ್ಪ ಕುಶಲಕರ್ಮಿಯ ತಲೆಯಲ್ಲಷ್ಟೇ ಉಳಿದರೆ ಅವನೊಡನೆ ಆ ವಿದ್ಯೆಯೂ ಹೋಗುತ್ತದೆ. ಹೊಸ ಡ್ರಿಲ್ಲು ಅಗ್ಗವಾಗಿ ದೊರೆಯುವ ಈ ಕಾಲದಲ್ಲಿ ದುರಸ್ತಿಯ ಕೂಲಿಯೇ ದುಬಾರಿಯೆನಿಸುವುದು ನಿಜ. ಆದರೆ ಹೊಸದನ್ನು ಕೊಂಡಾಗ ನಾವು ಕಳೆದುಕೊಳ್ಳುವುದು ಯಂತ್ರವೊಂದನ್ನೇ ಅಲ್ಲ, ಅದನ್ನು ಬಿಚ್ಚಿ ಜೋಡಿಸುವ ತಿಳಿವನ್ನೂ.

ನಿಮ್ಮ ಅಟ್ಟದ ಮೇಲೆ ಅಂತಹ ಯಂತ್ರವಿದ್ದರೆ ಗುಜರಿಗೆ ಹಾಕುವ ಮುನ್ನ ಬಲ್ಲವರಿಗೊಮ್ಮೆ ತೋರಿಸಿರಿ. ಲೋಹದ ಕವಚದ ಯಂತ್ರಕ್ಕೆ ಅರ್ತಿಂಗ್ ಇರುವ ಮೂರು ಪಿನ್ನಿನ ಪ್ಲಗ್ಗು ಬೇಕೇ ಬೇಕು. ಒಣಗಿ ಬಿರಿದ ರಬ್ಬರಿನ ವಯರನ್ನು ಮೊದಲು ಬದಲಿಸಿ, ಆಮೇಲೆ ಸ್ವಿಚ್ಚು ಒತ್ತಿರಿ. ಬಿಚ್ಚಿದಾಗ ಬೇರಿಂಗಿನ ಸಂಖ್ಯೆ, ಬ್ರಷ್ಷಿನ ಅಳತೆಗಳನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯಲ್ಲಿಡಿ. ಮುಂದೆ ಅದನ್ನು ಬಿಚ್ಚುವವರಿಗೆ ಆ ಚೀಟಿಯೇ ಶಾಸನ.