ಕೊಳಗದೊಳಗಿನ ತೂಕ

1956ರಲ್ಲಿ ಮೆಟ್ರಿಕ್ ತೂಕ-ಅಳತೆಗಳ ಕಾಯಿದೆ ಬರುವವರೆಗೂ ಕೊಳಗ, ಬಳ್ಳಗಳಲ್ಲಿ ಕಾಳು ಅಳೆದವರಿಗೆ ತೂಕದ ಲೆಕ್ಕ ಗೊತ್ತಿರಲಿಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ. ಕೌಟಿಲ್ಯನ ಅರ್ಥಶಾಸ್ತ್ರ ದ್ರೋಣವೆಂಬ ಅಳತೆಯನ್ನು ಅಗಲ, ಆಳಗಳಿಂದ ಹೇಳುವುದಿಲ್ಲ. 200 ಪಲ ತೂಗುವ ಉದ್ದು ಹಿಡಿಸಿದರೆ ಅದು ಅರಸನ ಆದಾಯದ ದ್ರೋಣ, 187½ ಪಲ ಹಿಡಿಸಿದರೆ ಪೇಟೆ ವ್ಯವಹಾರದ್ದು. ಗೊತ್ತುಪಡಿಸಿದ ಒಂದು ಕಾಳಿನ ತೂಕದಿಂದ ಪಾತ್ರೆಯ ಗಾತ್ರವನ್ನು ನಿಶ್ಚಯಿಸುವುದು ಸಾಂದ್ರತೆಯ ಲೆಕ್ಕವೇ, ಹಿಂದುಮುಂದಾಗಿ ಮಾಡಿದ್ದು.

1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯರು ಕಣದ ರಾಶಿಯನ್ನು ಎತ್ತದೆಯೇ ಅಳೆಯುತ್ತಾರೆ. ಸುತ್ತಳತೆಯ ಆರನೇ ಒಂದು ಪಾಲಿನ ವರ್ಗವನ್ನು ಎತ್ತರದಿಂದ ಗುಣಿಸಿದರೆ ಗಾತ್ರ. ಎತ್ತರವೂ ಸುತ್ತಳತೆಯಿಂದಲೇ ಸಿಗುತ್ತದೆ: ದಪ್ಪ ಕಾಳಿಗೆ ಅದರ 1/10, ಸಣ್ಣ ಕಾಳಿಗೆ 1/11, ಮೀಸೆಯುಳ್ಳ ಧಾನ್ಯಕ್ಕೆ 1/9. ಒಂದು ಹಗ್ಗವಿದ್ದರೆ ಸಾಕು. ಒಂದು ಘನ ಮೊಳ ಮಗಧದ ಒಂದು ಖಾರಿ. ಮೊಳಕ್ಕೆ 45 ಸೆಂ.ಮೀ. ಹಿಡಿದರೆ ಖಾರಿ ಸುಮಾರು 91 ಲೀಟರ್. ಘನ ಮೀಟರಿಗೆ ಭತ್ತ ಸುಮಾರು 580 ಕಿಲೋ, ಗೋಧಿ ಸುಮಾರು 770 ಕಿಲೋ ತೂಗುತ್ತದೆ. ಆದ್ದರಿಂದ ಒಂದು ಖಾರಿ ಭತ್ತ 53 ಕಿಲೋ, ಗೋಧಿ 70 ಕಿಲೋ. ಕೊಳಗದ ದೋಷವೇ ಇದಲ್ಲವೇ ಎನ್ನಬಹುದು. ಆದರೆ ಭತ್ತಕ್ಕೆ ಭತ್ತವನ್ನೇ ಅಳೆಯುವಾಗ ಗಾತ್ರ ಇಮ್ಮಡಿಯಾದರೆ ತೂಕವೂ ಇಮ್ಮಡಿ. ಖಂಡುಗಕ್ಕೆ 20 ಕೊಳಗವೆಂದು ಎಣಿಸುವವನು ಯಾವ ಧಾನ್ಯವೆಂದು ಹೇಳಿದರೆ ಸಾಂದ್ರತೆಯನ್ನೂ ಹೇಳಿದಂತೆಯೇ.

ಪಾತ್ರೆಯ ಮೇಲೆ ಗೋಪುರ ಏರಿಸಿ ಮೋಸ ಮಾಡಬಹುದಿತ್ತಲ್ಲ? ಅರ್ಥಶಾಸ್ತ್ರ ಆ ಶಿಖೆಯನ್ನೂ ಕಾಲು ಭಾಗವೆಂದು ಕಟ್ಟಿಹಾಕಿದೆ. ಒದ್ದೆ ಕಾಳು? ತಕ್ಕಡಿಯೂ ನೀರನ್ನು ಕಾಳೆಂದೇ ತೂಗುತ್ತದೆ. ಜೊಳ್ಳಿನ ವಿಷಯದಲ್ಲಿ ಮಾತ್ರ ತಕ್ಕಡಿಯೇ ಮೇಲು: ಕೊಳಗದಲ್ಲಿ ಜೊಳ್ಳಿಗೂ ಗಟ್ಟಿಕಾಳಿನಷ್ಟೇ ಜಾಗ. ಅಲುಗಿಸಿ ತುಂಬಿದ ಕೊಳಗವೂ ಸಡಿಲವಾಗಿ ಸುರಿದದ್ದೂ ಒಂದೇ ಅಲ್ಲ, ನಿಜ. ಆದರೂ ರೈತನಿಗೆ ದೊಡ್ಡ ನಷ್ಟ ಅಜ್ಞಾನದಿಂದ ಆಗಲಿಲ್ಲ, ತೂಕ ಬಲ್ಲವರಿಂದಲೇ ಆಯಿತು. ಆದಾಯದ ದ್ರೋಣ ಪೇಟೆಯದಕ್ಕಿಂತ ಹದಿನೈದನೇ ಒಂದು ಪಾಲು ದೊಡ್ಡದು. ಆಳುಕಾಳುಗಳಿಗೆ ಹಂಚುವ ದ್ರೋಣ 175 ಪಲದ್ದು, ಅಂತಃಪುರಕ್ಕೆ ಅಳೆಯುವುದು 162½ ಪಲದ್ದು. ದ್ರೋಣ ತುಂಬ ಉದ್ದು ಪಡೆದು ಆಳಿಗೆ ದ್ರೋಣ ತುಂಬ ಕೊಟ್ಟರೂ 25 ಪಲ ಅರಸನ ಕಣಜದಲ್ಲೇ ಉಳಿಯುತ್ತಿತ್ತು.