ಹುಲಿ ನೀರು ಕುಡಿದ ಕೊಳ: ವಾಮಂಜೂರಿನ ಪಿಲಿಕುಲ

ಮಂಗಳೂರಿನಿಂದ ಮೂಡುಬಿದಿರೆಯ ಕಡೆಗೆ ಹೋಗುವ ಹೆದ್ದಾರಿ ಕುಲಶೇಖರವನ್ನು ದಾಟಿ ಗುರುಪುರ ಸೇತುವೆಗೆ ಇಳಿಯುವ ಮೊದಲು ವಾಮಂಜೂರು ಸಿಗುತ್ತದೆ. ಇಲ್ಲಿಂದ ಎಡಕ್ಕೆ ತಿರುಗಿದ ರಸ್ತೆ ಮೂಡುಶೆಡ್ಡೆಗೆ ಹೋಗುತ್ತದೆ. ಆ ರಸ್ತೆಯ ಬದಿಯಲ್ಲಿ, ಫಲ್ಗುಣಿ ನದಿಯವರೆಗೆ ಚಾಚಿಕೊಂಡಿರುವ ಸುಮಾರು 370 ಎಕರೆ ಗುಡ್ಡ-ತಗ್ಗುಗಳ ನೆಲವೇ ಪಿಲಿಕುಲ. ಡಾ. ಶಿವರಾಮ ಕಾರಂತರ ಹೆಸರು ಹೊತ್ತ ನಿಸರ್ಗಧಾಮ ಇರುವುದು ಇಲ್ಲಿಯೇ.

ತುಳುವಿನಲ್ಲಿ ಪಿಲಿ ಎಂದರೆ ಹುಲಿ, ಕುಲ ಎಂದರೆ ಕೊಳ. ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೊಳವಾದ್ದರಿಂದ ಈ ಹೆಸರು ಬಂತು ಎಂಬುದು ಊರವರ ಮಾತು. ಇದನ್ನು ಕಟ್ಟುಕತೆ ಎಂದು ತಳ್ಳಿಹಾಕಲು ಕಾರಣವಿಲ್ಲ. ತುಳುನಾಡಿನಲ್ಲಿ ಪಿಲಿಚಾಮುಂಡಿ ಎಂಬ ದೈವಕ್ಕೆ ಇಂದಿಗೂ ಕೋಲ ನಡೆಯುತ್ತದೆ, ನವರಾತ್ರಿ ಬಂದರೆ ಮಂಗಳೂರಿನ ಬೀದಿಗಳಲ್ಲಿ ಹುಲಿವೇಷದ ತಾಸೆ ಸದ್ದು ಮಾಡುತ್ತದೆ. ಹುಲಿಯ ಭಯ, ಭಕ್ತಿ ಎರಡೂ ಮನೆಯಂಗಳದವರೆಗೆ ಬಂದಿದ್ದ ನಾಡು ಇದು. ಹುಲಿ ಹೋಯಿತು, ಹೆಸರು ಉಳಿಯಿತು.

ಹುಲಿ ಹೋದದ್ದು ಒಂದೇ ದಿನದಲ್ಲಲ್ಲ. 1799ರಲ್ಲಿ ಕೆನರಾ ಬ್ರಿಟಿಷರ ಕೈಸೇರಿ ಮದ್ರಾಸು ಪ್ರಾಂತ್ಯದ ಆಡಳಿತಕ್ಕೆ ಬಂತು. ಆ ಪ್ರಾಂತ್ಯದಲ್ಲಿ ಹುಲಿ ಕೊಂದವರಿಗೆ ಸರಕಾರವೇ ಬಹುಮಾನ ಕೊಡುತ್ತಿತ್ತು. 1865ರಲ್ಲಿ ಬಾಸೆಲ್ ಮಿಶನ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ನೇತ್ರಾವತಿ, ಫಲ್ಗುಣಿ ನದಿಗಳ ದಡಗಳಲ್ಲಿ ಹೆಂಚಿನ ಕಾರ್ಖಾನೆಗಳು ಸಾಲಾಗಿ ಎದ್ದವು. ನದಿಯಲ್ಲಿ ದೋಣಿಗಳು ಆವೆಮಣ್ಣು ತಂದವು, ಹೆಂಚು ಬೇಯಿಸುವ ಗೂಡುಗಳು ಕಟ್ಟಿಗೆಯನ್ನು ನುಂಗಿದವು. ಬೇಸಾಯ ಹಬ್ಬಿತು, ಗುಡ್ಡ ಬೋಳಾಯಿತು. ನೆರಳು ಹೋದ ಕಡೆ ಹುಲಿ ನಿಲ್ಲುವುದಿಲ್ಲ.

ಇಲ್ಲಿನ ನೆಲವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮಂಗಳೂರಿನ ಸುತ್ತಮುತ್ತ ಚಪ್ಪಟೆ ನೆತ್ತಿಯ ಮುರಕಲ್ಲಿನ ಗುಡ್ಡಗಳಿವೆ. ತುಳುವರು ಇಂಥ ಬಯಲನ್ನು ಪದವು ಎನ್ನುತ್ತಾರೆ. ಪದವಿನಂಗಡಿಯ ಹೆಸರಿನಲ್ಲಿರುವುದೂ ಇದೇ ಪದವು. ನದಿಯಾಚೆಗೆ ಬಜ್ಪೆ ವಿಮಾನ ನಿಲ್ದಾಣ ಕೂತಿರುವುದೂ ಇಂಥದೇ ನೆತ್ತಿಯ ಮೇಲೆ. ಮುರಕಲ್ಲು ನೆಲದೊಳಗಿರುವಾಗ ಮೆದು. ಕಡಿದು ಗಾಳಿಗೆ ಇಟ್ಟರೆ ಗಟ್ಟಿಯಾಗುತ್ತದೆ. ಕರಾವಳಿಯ ಮನೆಗಳ ಗೋಡೆಗೆಲ್ಲ ಇದೇ ಕಲ್ಲು. ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಾದರೂ ಏಪ್ರಿಲ್ ಹೊತ್ತಿಗೆ ಪದವು ಕಾದ ಕಾವಲಿಯಂತಾಗುತ್ತದೆ. ಜೂನ್‌ನಲ್ಲಿ ಮೊದಲ ಮಳೆ ಹಿಡಿದ ಕೂಡಲೇ ಅದೇ ಕಲ್ಲಿನ ಗುಳಿಗಳಲ್ಲಿ ನೀರು ನಿಂತು, ಬೆರಳುದ್ದದ ಹುಲ್ಲು ಚಿಗುರಿ, ಕೀಟ ಹಿಡಿಯುವ ಸಣ್ಣ ಸಸ್ಯಗಳೂ ಹೂಬಿಡುತ್ತವೆ. ಪದವನ್ನು ಬಂಜರು ಎಂದು ಕರೆದವರು ಅದನ್ನು ಮಳೆಗಾಲದಲ್ಲಿ ನೋಡಿದವರಲ್ಲ. ಬಂಜರೆಂಬ ಆ ತಿಳಿವಳಿಕೆಯಿಂದಲೇ ಕರಾವಳಿಯ ಎಷ್ಟೋ ಗುಡ್ಡಗಳಲ್ಲಿ ಅಕೇಶಿಯಾ ನೆಡುತೋಪುಗಳು ಎದ್ದವು.

ಇಂಥ ನೆಲದಲ್ಲಿ ನಿಸರ್ಗಧಾಮದ ಯೋಜನೆ ರೂಪುಗೊಂಡದ್ದು 1990ರ ದಶಕದಲ್ಲಿ, ಜಿಲ್ಲಾಡಳಿತದ ಮುತುವರ್ಜಿಯಿಂದ. ಆಗ ಆಡಳಿತ ಸೇವೆಯಲ್ಲಿದ್ದು, 2013ರಲ್ಲಿ ಮಂಗಳೂರು ದಕ್ಷಿಣ ಕ್ಷೇತ್ರದಿಂದ ಶಾಸಕರಾದ ಜೆ.ಆರ್. ಲೋಬೋ ಅವರ ಹೆಸರು ಈ ಕೆಲಸದೊಂದಿಗೆ ಸೇರಿಕೊಂಡಿದೆ. ಕಾರಂತರು 1997ರ ಡಿಸೆಂಬರ್ 9ರಂದು ತೀರಿಕೊಂಡರು. ಅವರ ಹೆಸರನ್ನು ಈ ತಾಣಕ್ಕೆ ಇಟ್ಟದ್ದು ಬರಿಯ ಗೌರವದ ಮಾತಲ್ಲ. ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ 3 ಸಂಪುಟಗಳನ್ನೂ ‘ವಿಜ್ಞಾನ ಪ್ರಪಂಚ’ದ 4 ಸಂಪುಟಗಳನ್ನೂ ಒಬ್ಬರೇ ಬರೆದವರು, ಪುತ್ತೂರಿನ ಬಾಲವನವನ್ನು ಕಟ್ಟಿದವರು, ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ ಲೋಕಸಭೆಗೆ ಸ್ಪರ್ಧಿಸಿದವರು ಅವರು. ಮಕ್ಕಳು, ವಿಜ್ಞಾನ, ಕಾಡು ಈ ಮೂರೂ ಒಂದೇ ಅಂಗಳದಲ್ಲಿ ಸೇರುವ ಜಾಗಕ್ಕೆ ಇದಕ್ಕಿಂತ ಸಲ್ಲುವ ಹೆಸರು ಕರಾವಳಿಯಲ್ಲಿ ಇನ್ನೊಂದಿಲ್ಲ.

ನಿಸರ್ಗಧಾಮ ಬರುವ ಮೊದಲು ಮಂಗಳೂರಿನವರಿಗೆ ಪ್ರಾಣಿ ನೋಡಲು ಇದ್ದದ್ದು ಕದ್ರಿ ಪಾರ್ಕಿನ ಸಣ್ಣ ಮೃಗಾಲಯ. ಅಲ್ಲಿನ ಪ್ರಾಣಿಗಳು ಪಿಲಿಕುಲಕ್ಕೆ ಬಂದವು. ಇಲ್ಲಿ ಸುಮಾರು 150 ಎಕರೆಯಲ್ಲಿ ಕಂದಕ ಮತ್ತು ಬೇಲಿಗಳ ವಿಶಾಲ ಆವರಣಗಳ ಜೈವಿಕ ಉದ್ಯಾನ ಬೆಳೆಯಿತು. ಹೀಗೆ ಹುಲಿ ಪಿಲಿಕುಲಕ್ಕೆ ಮರಳಿತು, ಬೇಲಿಯ ಒಳಗೆ.

ಆದರೆ ಈ ಉದ್ಯಾನಕ್ಕೆ ವಿಶೇಷ ಹೆಸರು ತಂದದ್ದು ಹುಲಿಯಲ್ಲ, ಕಾಳಿಂಗ ಸರ್ಪ. ಘಟ್ಟದ ತಪ್ಪಲಿನ ತೋಟ, ಮನೆಗಳಲ್ಲಿ ಕಾಣಿಸಿಕೊಳ್ಳುವ ಈ ಹಾವನ್ನು ಸಾಕಿ ಮರಿ ಮಾಡಿಸುವುದು ಸುಲಭವಲ್ಲ. ಅದರ ಆಹಾರ ಮುಖ್ಯವಾಗಿ ಬೇರೆ ಹಾವುಗಳು, ಅದರಲ್ಲೂ ಕೇರೆ. ಹಾವುಗಳಲ್ಲಿ ಗೂಡು ಕಟ್ಟುವುದು ಇದೊಂದೇ. ಹೆಣ್ಣು ತನ್ನ ಮೈಯ ಸುರುಳಿಯಿಂದ ತರಗೆಲೆಗಳನ್ನು ಎಳೆದು ಒಟ್ಟುಗೂಡಿಸಿ, ಒತ್ತಿ ರಾಶಿ ಮಾಡಿ, ಒಳಗೆ ಇಪ್ಪತ್ತು ಮೂವತ್ತು ಮೊಟ್ಟೆ ಇಟ್ಟು ಕಾವಲು ಕೂರುತ್ತದೆ. ಕೊಳೆಯುವ ಎಲೆಯ ಬಿಸಿಯೇ ಮೊಟ್ಟೆಗೆ ಕಾವು. ಮಳೆ ಸುರಿದರೂ ಗೂಡಿನ ಒಳಭಾಗ ಒದ್ದೆಯಾಗದಂತೆ ಎಲೆಗಳು ಹೆಣೆದುಕೊಂಡಿರುತ್ತವೆ. ಬಿಸಿ ಹೆಚ್ಚಿದರೂ ಕಡಿಮೆಯಾದರೂ ಮರಿ ಬದುಕದು. ಎರಡು ತಿಂಗಳಿಗಿಂತ ಹೆಚ್ಚು ಕಾಲ ಈ ಬಿಸಿಯ ಹದವನ್ನು ಕಾಯ್ದು ಪಿಲಿಕುಲದಲ್ಲಿ ಮರಿ ಮಾಡಿಸಿದ್ದು ಸಣ್ಣ ಸಾಧನೆಯಲ್ಲ.

ಪ್ರಾಣಿಗಳ ಜೊತೆಗೆ ಸಸ್ಯಕಾಶಿಯೂ ಬೆಳೆಯಿತು. ಪಶ್ಚಿಮ ಘಟ್ಟದ ಮರಗಳ ಸಸಿಗಳನ್ನು ತಂದು ಮುರಕಲ್ಲಿನ ನೆಲದಲ್ಲಿ ನೆಟ್ಟು ಉಳಿಸಿಕೊಂಡ ಕೆಲಸವಿದು. ಪ್ರವಾಸಿಗರ ಕಣ್ಣಿಗೆ ಬೇಗ ಬೀಳದಿದ್ದರೂ ಪಿಲಿಕುಲದ ನಿಜವಾದ ಆಸ್ತಿ ಇದೇ.

ಗುತ್ತಿನ ಮನೆ ಮತ್ತು ಕುಶಲಕರ್ಮಿಗಳ ಗ್ರಾಮ ಇನ್ನೊಂದು ಬಗೆಯ ನೆನಪು. ಗುತ್ತು ಎಂದರೆ ತುಳುನಾಡಿನಲ್ಲಿ ಊರಿನ ಮುಖ್ಯ ಮನೆತನ. ಊರಿನ ನ್ಯಾಯ, ದೈವದ ನೇಮ, ಕಂಬಳ ಇವುಗಳಲ್ಲಿ ಗುತ್ತಿನವರ ಮಾತಿಗೆ ಮೊದಲ ಮಣೆ ಇತ್ತು. ಅಂಥ ಮನೆಯ ಕೆತ್ತನೆಯ ಕಂಬ, ಚಾವಡಿ, ಅಂಗಳಗಳನ್ನು ಇಲ್ಲಿ ಕಟ್ಟಿ ತೋರಿಸಲಾಗಿದೆ. ಪಕ್ಕದಲ್ಲೇ ಕುಂಬಾರಿಕೆ, ನೇಯ್ಗೆ, ಗಾಣ, ಅವಲಕ್ಕಿ ಕುಟ್ಟುವ ಕೆಲಸ. ಕಂಬಳದ ಕರೆಯೂ, ಅಂದರೆ ಕೋಣ ಓಡಿಸುವ ಕೆಸರಿನ ಓಟದ ಹಾದಿಯೂ, ಇದೆ. ಮೃಗಾಲಯದ ಹತ್ತಿರ ಕೋಣ ಓಡಿಸುವುದರ ಬಗ್ಗೆ ಆಕ್ಷೇಪ ಎದ್ದು, ವಿಷಯ 2024ರಲ್ಲಿ ಹೈಕೋರ್ಟಿನವರೆಗೆ ಹೋಯಿತು.

ಕೊಳದಲ್ಲಿ ದೋಣಿ ವಿಹಾರ, ಮಾನಸ ಜಲಕ್ರೀಡಾ ಪಾರ್ಕ್, ಗಾಲ್ಫ್ ಅಂಗಳ, ಪ್ರಾದೇಶಿಕ ವಿಜ್ಞಾನ ಕೇಂದ್ರ ಒಂದೊಂದಾಗಿ ಸೇರಿಕೊಂಡವು. 2018ರ ಮಾರ್ಚ್ 1ರಂದು ತೆರೆದ ಸ್ವಾಮಿ ವಿವೇಕಾನಂದ ತಾರಾಲಯ ದೇಶದ ಮೊದಲ 3ಡಿ ತಾರಾಲಯ ಎಂದು ಹೆಸರಾಯಿತು.

ಇದೇ ವಾಮಂಜೂರಿನ ಇನ್ನೊಂದು ಮಗ್ಗುಲಿನ ಪಚ್ಚನಾಡಿಯಲ್ಲಿ ನಗರದ ಕಸದ ಗುಡ್ಡವಿದೆ. 2019ರ ಆಗಸ್ಟ್ ಮಳೆಗೆ ಅದು ಜರಿದು ಮಂದಾರ ಎಂಬಲ್ಲಿನ ತೋಟ, ಮನೆಗಳ ಮೇಲೆ ಹರಿಯಿತು. ಕುಟುಂಬಗಳು ಊರು ಬಿಡಬೇಕಾಯಿತು. ನಗರವೊಂದು ಒಂದು ಗುಡ್ಡವನ್ನು ಹಸಿರಾಗಿ ಕಾಯ್ದು, ಪಕ್ಕದ ಗುಡ್ಡದ ಮೇಲೆ ತನ್ನ ಕಸ ಸುರಿದದ್ದು ನ್ಯಾಯವಲ್ಲ.

ಪಿಲಿಕುಲಕ್ಕೆ ಹೋಗುವವರು ದೋಣಿ, ನೀರಾಟಗಳಿಗೆ ಮೊದಲು ಸಸ್ಯಕಾಶಿಗೆ ಒಂದು ಗಂಟೆ ಕೊಡಲಿ. ಜುಲೈ–ಆಗಸ್ಟ್ ಅದಕ್ಕೆ ತಕ್ಕ ಕಾಲ. ಜೈವಿಕ ಉದ್ಯಾನಕ್ಕೆ ಸೋಮವಾರ ರಜೆ.