ಓಲೆಗರಿಂದ ಮಡುಸುವ ಲ್ಯಾಪ್‌ಟಾಪಿಂಗೆ: ನಕಲು ಮಾಡಿದವರ ಶುದ್ದಿ

ಎಂಗಳ ಮನೆಗೆ ಹೊಸ ಲ್ಯಾಪ್‌ಟಾಪು ಬಂದು ಎರಡು ತಿಂಗಳಾತು. ಬೆಳ್ತಂಗಡಿಯ ಅತ್ತಿಗೆಗೆ ಅದು ಹಿಂದಂಗೆ ಮಡುಸಿರೂ ಹೇಂಗೆ ತುಂಡಾವುತ್ತಿಲ್ಲೆ ಹೇಳಿ ಗೊಂತಾಯೆಕ್ಕು, ಮೂಡಬಿದ್ರೆಯ ಚಿಕ್ಕಮ್ಮಂಗೆ ಅದರ ಕ್ರಯ ಗೊಂತಾಯೆಕ್ಕು. ಒಬ್ಬೊಬ್ಬಂಗೆ ಹೇಳುದರಿಂದ ಎಲ್ಲೋರಿಂಗೂ ಒಟ್ಟಿಂಗೆ ಬರವದು ಒಳ್ಳೆದು ಹೇಳಿ ಗ್ರೇಶಿದೆ. ಬರವಲೆ ಕೂದಪ್ಪಗ ಲ್ಯಾಪ್‌ಟಾಪಿಂದ ಹೆಚ್ಚು, ಅದರ ಒಳಂಗೆ ಹೋಯೆಕ್ಕಾದ ಹಳೆ ಬರಹದ ಕತೆಯೇ ದೊಡ್ಡ ಆತು.

ಯಂತ್ರದ ಶುದ್ದಿಯ ಮದಲು ಮುಗುಶುತ್ತೆ. ಇದರ ಪರದೆಯ ಬೆರಳಿಲಿ ಮುಟ್ಟಿರೆ ಕೆಲಸ ಮಾಡ್ತು. ಬಾಗಿಲಿಂಗಿಪ್ಪ ಹಾಂಗಿಪ್ಪ ಬಿಜಾಗರಿ ಪೂರ್ತಿ ತಿರುಗುತ್ತು, ಕೀಬೋರ್ಡು ಅಡಿಯಂಗೆ ಹೋವುತ್ತು, ಪರದೆ ಮಾಂತ್ರ ಸ್ಲೇಟಿನ ಹಾಂಗೆ ಕೈಲಿ ಒಳಿತ್ತು. ಬರವಲೆ ಒಂದು ಪೆನ್ನುದೆ ಇದ್ದು. ಪರದೆಲಿ ಪೆನ್ನು ಮಡುಗಿ ಬರವ ಕಂಪ್ಯೂಟರು 2002ರಲ್ಲೇ ಮೈಕ್ರೋಸಾಫ್ಟಿನವರ ವಿಂಡೋಸಿನೊಟ್ಟಿಂಗೆ ಬಂದಿತ್ತು. ಕ್ರಯ ಜಾಸ್ತಿ, ನಮ್ಮ ಹಾಂಗಿಪ್ಪವರ ಮನೆಗೆ ಬಯಿಂದಿಲ್ಲೆ. 2012ರಲ್ಲಿ ವಿಂಡೋಸ್ 8 ಬಂದಪ್ಪಗ ಲೆನೋವೋ ಕಂಪೆನಿಯವು ಪೂರ್ತಿ ಹಿಂದಂಗೆ ಮಡುಸುವ ಲ್ಯಾಪ್‌ಟಾಪಿನ ಯೋಗ ಹೇಳ್ತ ಹೆಸರಿಲಿ ತಂದವು. ಬೆನ್ನು ಬಗ್ಗುಸುದರ ನೋಡಿಯೇ ಆ ಹೆಸರು ಮಡುಗಿದ್ದಾಯಿಕ್ಕು! ಈಗ ಎಲ್ಲಾ ಕಂಪೆನಿಯವುದೆ ಮಾಡ್ತವು. ಎಂಗಳ ಹಳತ್ತರ ಬಿಜಾಗರಿ ಒಡದು, ಅರ್ಧ ಕೀಲಿಗೊ ಎಷ್ಟು ಒತ್ತಿರೂ ಕೇಳದ್ದೆ ಆದ ಕಾರಣ ಹೊಸತ್ತು ತೆಕ್ಕೊಂಡದು.

ಹೊಸತ್ತು ಬಂದರೆ ಹಳತ್ತರಲ್ಲಿಪ್ಪದರ ಅದಕ್ಕೆ ದಾಂಟುಸೆಕ್ಕನ್ನೆ. ಈ ದಾಂಟುಸುವ ಕೆಲಸ ಕಂಪ್ಯೂಟರಿಂದ ಎಷ್ಟೋ ಮದಲೇ ನಮ್ಮ ಊರಿಲಿ ಇತ್ತು.

ಅಂದು ಇದ್ದದು ಓಲೆಗರಿ. ತಾಳೆಯ ಗರಿಯ ಬೇಶಿ, ಒಣಗುಸಿ, ಸಮಕ್ಕೆ ಕತ್ತರುಸಿ, ಕಬ್ಬಿಣದ ಕಂಟಲ್ಲಿ ಅಕ್ಷರ ಕೊರದು, ಅದರ ಮೇಲೆ ಮಸಿ ಉದ್ದುಗು. ಕೊರದಲ್ಲಿ ಮಸಿ ಕೂರುಗು, ಒಳುದ್ದು ಹೋಕು. ಗರಿಗೆ ಹುಳುವಿನ ಹೆದರಿಕೆ, ಅದಲ್ಲದ್ರೆ ನಮ್ಮ ಆಟಿ ತಿಂಗಳಿನ ತೇವದ ಹೆದರಿಕೆ. ಹಾಂಗಾಗಿ ಹಳೆ ಗರಿ ಹಾಳಪ್ಪಂದ ಮದಲು ಆರಾರು ಕೂದು ಹೊಸ ಗರಿಗೆ ನಕಲು ಮಾಡೆಕ್ಕು. ಮಾಡಿದ್ದು ಒಳುದತ್ತು, ಮಾಡದ್ದದು ಹೋತು.

ಮೂಡಬಿದ್ರೆಯ ಸಾವಿರ ಕಂಬದ ಬಸದಿಯ ನಿಂಗೊ ಎಲ್ಲೋರು ನೋಡಿಪ್ಪಿ. ಅದೇ ಪೇಟೆಲಿ ಗುರುಬಸದಿ ಇದ್ದು, ಸಿದ್ಧಾಂತ ಬಸದಿ ಹೇಳಿಯೂ ಹೇಳ್ತವು. ಧವಳ, ಜಯಧವಳ, ಮಹಾಧವಳ ಹೇಳ್ತ ಜೈನ ಗ್ರಂಥಂಗೊ ಓಲೆಗರಿಲಿ ಒಳುದ್ದು ಅಲ್ಲಿ. ಭಾಷೆ ಹೆಚ್ಚಿನದೂ ಪ್ರಾಕೃತ, ಲಿಪಿ ಹಳೆಗನ್ನಡದ್ದು. ಯಾತ್ರೆಗೆ ಬಂದವು ದರ್ಶನ ಮಾಡಿ ಕೈ ಮುಗುದು ಹೋಕು. ಬಿಡುಸಿ ಓದುವವು ಅಪರೂಪ. ಗರಿ ಹಾಳಪ್ಪಲೆ ಸುರು ಆದ್ದರ ನೋಡಿ ಸೊಲ್ಲಾಪುರದ, ಬೊಂಬಾಯಿಯ ಶೇಠುಗೊ ಪೈಸೆ ಒಟ್ಟು ಮಾಡಿದವು, 1896ರಲ್ಲಿ ನಕಲಿನ ಕೆಲಸ ಸುರು ಆತು. ಬ್ರಹ್ಮಸೂರಿ ಶಾಸ್ತ್ರಿಗೊ ಕೂದವು, ಗಜಪತಿ ಉಪಾಧ್ಯಾಯರು ಕೂದವು, ಅವರ ಮತ್ತೆ ಬೇರೆಯವು. ನಾಗರಿ ಲಿಪಿಲಿ ಒಂದು, ಈಗಾಣ ಕನ್ನಡ ಲಿಪಿಲಿ ಒಂದು. ಮೂರೂ ಗ್ರಂಥ ಮುಗಿವಗ 1922 ಆಗಿತ್ತು. ಇಪ್ಪತ್ತಾರು ವರ್ಷ! ಎಂಗೊ ಫೈಲು ಕಾಪಿ ಅಪ್ಪಲೆ ಐದು ನಿಮಿಷ ಹೆಚ್ಚಾದರೆ ಪರದೆಗೆ ಬೈತ್ತು.

ನಕಲು ಆದರೂ ಅದು ಮೂಡಬಿದ್ರೆಂದ ಹೆರ ಹೋಪಲಾಗ ಹೇಳಿ ಇತ್ತು. ಗಜಪತಿ ಉಪಾಧ್ಯಾಯರು ಆರಿಂಗೂ ಗೊಂತಾಗದ್ದ ಹಾಂಗೆ ಮನೆಲಿ ಇನ್ನೊಂದು ಪ್ರತಿಯ ಕನ್ನಡ ಲಿಪಿಲಿ ಮಾಡಿಯೊಂಡು ಬಂದವು. ಅವಕ್ಕೆ ಬರವಲೆ ಸಕಾಯ ಮಾಡಿದ್ದು ಅವರ ಹೆಂಡತಿ ಲಕ್ಷ್ಮೀಬಾಯಿ. ಓದುಬರಹ ಬಲ್ಲ ವಿದುಷಿ. ಇತಿಹಾಸ ಬರದವು ಅವರ ಹೆಸರಿನ ಬಿಟ್ಟಿದವಿಲ್ಲೆ, ಅದುದೇ ದೊಡ್ಡದು. ಆ ಪ್ರತಿ ಉತ್ತರದ ಸಹಾರನಪುರಕ್ಕೆ ಹೋತು, ಅಲ್ಲಿ ನಾಗರಿಗೆ ಇಳಿಶಿದವು, ಅದರಿಂದ ಮತ್ತೆ ಬೇರೆ ಬೇರೆ ಊರಿಂಗೆ ನಕಲು ಹೋತು. ಹೀರಾಲಾಲ್ ಜೈನ್ ಹೇಳ್ತ ವಿದ್ವಾಂಸರು ಹೀಂಗೆ ಹೋದ ಪ್ರತಿಗಳ ಮಡಿಕ್ಕೊಂಡು 1939ರಲ್ಲಿ ಅಮರಾವತಿಂದ ಧವಳದ ಸುರುವಾಣ ಸಂಪುಟ ಅಚ್ಚು ಮಾಡುಸಿದವು. ಎಲ್ಲ ಸೇರಿ 16 ಸಂಪುಟ ಆತು. ಗುಟ್ಟಿಲಿ ಮಾಡಿದ್ದು ಸರಿಯೋ ತಪ್ಪೋ ಹೇಳಿ ಪಂಡಿತರು ಚರ್ಚೆ ಮಾಡಲಿ. ಎನ್ನ ಕಣ್ಣಿಂಗೆ ಕಾಂಬದು, ಇರುಳು ಪಾತ್ರ ತೊಳದು ಮಡುಗಿ, ದೀಪದ ಬೆಣಚ್ಚಿಲಿ ಬರವಲೆ ಕೂಪ ಒಬ್ಬ ಹೆಂಗುಸು. ಬರದ್ದದರ ಆರತ್ರೂ ಹೇಳಿಗೊಂಬಲೂ ಎಡಿಯ!

ಮೂಡಬಿದ್ರೆಯ ರಮಾರಾಣಿ ಶೋಧ ಸಂಸ್ಥಾನಲ್ಲಿ ಈಗಳೂ ಓಲೆಗರಿಗಳ ಕಾಪಾಡುತ್ತವು, ಧರ್ಮಸ್ಥಳಲ್ಲಿಯೂ ಅಂಥ ಸಂಗ್ರಹ ಇದ್ದು. ಮಕ್ಕಳ ರಜೆಲಿ ಒಂದರಿ ಕರಕ್ಕೊಂಡು ಹೋಗಿ.

ಅಚ್ಚಿನ ಕತೆ ಬೇರೆ, ಅದರ ಬೇಗ ಹೇಳಿ ಬಿಡ್ತೆ. 1843ರ ಜುಲೈ 1ಕ್ಕೆ ಮಂಗಳೂರಿಲಿ ಹೆರಟ 'ಮಂಗಳೂರ ಸಮಾಚಾರ' ಕನ್ನಡದ ಸುರುವಾಣ ಪತ್ರಿಕೆ. ಬಾಸೆಲ್ ಮಿಶನಿನವು ಅದರ ಕಲ್ಲಚ್ಚಿಲಿ ಮಾಡಿದವು. ಹೇಳಿರೆ ಅದಕ್ಕೂ ಕೈಲಿ ಚೆಂದಕೆ ಬರವ ಜೆನ ಬೇಕು. ಮತ್ತೆ ಸೀಸದ ಮೊಳೆ ಬಂತು, ಟೈಪ್‌ರೈಟರು ಬಂತು. ಕನ್ನಡದ ಕಾಗುಣಿತ, ಒತ್ತಕ್ಷರ ಎಲ್ಲವನ್ನೂ ಅಷ್ಟು ಕೀಲಿಲಿ ಹಿಡಿಶುದು ಹೇಳಿರೆ ಮುಡಿ ಅಕ್ಕಿಯ ಸೇರಿಂಗೆ ತುಂಬುಸಿದ ಹಾಂಗೆ. ಅದು ಕಚೇರಿಯ ಸಾಮಾನು ಆಗಿಯೇ ಒಳುದತ್ತು.

ಕಂಪ್ಯೂಟರಿಂಗೆ ಕನ್ನಡ ಕಲಿಶಿದವರಲ್ಲಿ ದೊಡ್ಡ ಹೆಸರು ನಮ್ಮ ಊರಿಂದೇ. ಮಂಗಳೂರಿಂದ ಮೂಡಬಿದ್ರೆಗೆ ಬಪ್ಪಗ ಗುರುಪುರ ಕೈಕಂಬದ ಹತ್ರೆ ಕಿನ್ನಿಕಂಬಳ ಇದ್ದನ್ನೆ, ಕೆ. ಪಿ. ರಾವ್ ಅಲ್ಯಾಣವು. 1940ರಲ್ಲಿ ಹುಟ್ಟಿದ ಕಿನ್ನಿಕಂಬಳ ಪದ್ಮನಾಭ ರಾವ್. ಇಂಗ್ಲಿಷು ಕೀಬೋರ್ಡಿಲೇ ಇಡೀ ಕನ್ನಡ ಕೂರುವ ಹಾಂಗೆ ಒಂದು ಕ್ರಮ ಮಾಡಿದವು. ಕೆ ಒತ್ತಿರೆ ಕ, ಶಿಫ್ಟ್ ಹಿಡುದು ಒತ್ತಿರೆ ಖ, ಒತ್ತಕ್ಷರ ಬೇಕಾದರೆ ನೆಡುಕೆ ಎಫ್. ಅಕ್ಕ ಹೇಳಿ ಬರವಲೆ ಎ, ಕೆ, ಎಫ್, ಕೆ. ಅಷ್ಟೇ. ನಾವು ಶಾಲೆಲಿ ಕಲ್ತ ಕಾಗುಣಿತದ ಲೆಕ್ಕವೇ ಅದು. ಅವು ಮಾಡಿದ ತಂತ್ರಾಂಶಕ್ಕೆ ಸೇಡಿಯಾಪು ಹೇಳಿ ಹೆಸರು, ಛಂದಸ್ಸಿನ ದೊಡ್ಡ ಪಂಡಿತರಾಗಿದ್ದ ನಮ್ಮ ಜಿಲ್ಲೆಯ ಸೇಡಿಯಾಪು ಕೃಷ್ಣ ಭಟ್ಟರ ನೆಂಪಿಂಗೆ. ಅದರ ಪೈಸೆ ತೆಕ್ಕೊಳ್ಳದ್ದೆ ಹಂಚಿದವು. ಇದೇ ಕೀಲಿಕ್ರಮ ಮುಂದೆ ಕನ್ನಡ ಗಣಕ ಪರಿಷತ್ತಿನ ನುಡಿಗೆ ಹೋತು, ಸರಕಾರವೂ ಒಪ್ಪಿತ್ತು. ಪಂಚಾಯತು ಕಚೇರಿಲಿ ಕೂಸುಗೊ ಪರದೆ ನೋಡಿಯೊಂಡು ಪಟಪಟ ಒತ್ತುದು ಅದನ್ನೇ. 1998ರಲ್ಲಿ ಶೇಷಾದ್ರಿ ವಾಸು ಮಾಡಿದ ಬರಹ ಬಂದ ಮತ್ತೆ ಮನೆಮನೆಲಿಯೂ ಮಕ್ಕೊ ಕನ್ನಡ ಟೈಪು ಮಾಡ್ಲೆ ಸುರು ಮಾಡಿದವು.

ಇಲ್ಲೊಂದು ತೊಡಕು ಇತ್ತು, ಅದು ನವಗೆ ಮತ್ತೆ ಗೊಂತಾದ್ದು. ಅಂದ್ರಾಣ ಫಾಂಟುಗಳಲ್ಲಿ ಕಂಪ್ಯೂಟರಿನ ಲೆಕ್ಕಕ್ಕೆ ಅದು ಕನ್ನಡ ಅಲ್ಲ. ಒಳ ಇಪ್ಪದು ಇಂಗ್ಲಿಷಿನ ಅಕ್ಷರವೋ, ಫ್ರೆಂಚು ಜರ್ಮನಿನವರ ಚಿಹ್ನೆಯೋ. ಮೇಲಂದ ಕನ್ನಡದ ವೇಷ ಹಾಕುಸಿದ್ದು. ಆಟಲ್ಲಿ ಕಿರೀಟ ತೆಗದರೆ ಒಳ ಇಪ್ಪದು ನೆರೆಕರೆಯ ಮಾಣಿ ಅಲ್ದಾ, ಹಾಂಗೆ. ಆ ಫಾಂಟು ಇಲ್ಲದ್ದ ಕಂಪ್ಯೂಟರಿಲಿ ವೇಷ ಕಳಚಿ ಬೀಳುತ್ತು. ಲೋಕದ ಎಲ್ಲಾ ಲಿಪಿಗೂ ಬೇರೆ ಬೇರೆ ನಂಬರು ಕೊಡುವ ಯುನಿಕೋಡು 1991ರಲ್ಲೇ ಬಯಿಂದು, ಅದರಲ್ಲಿ ಕನ್ನಡಕ್ಕೂ ಜಾಗೆ ಇತ್ತು. ಆದರೆ ವಿಂಡೋಸಿಲಿ ಅದು ಕಾಂಬಲೆ ಸುರು ಆದ್ದು 2001ರ ಎಕ್ಸ್‌ಪಿಂದ. ಜೆನಕ್ಕೆ ಅಭ್ಯಾಸ ಅಪ್ಪಲೆ ಇನ್ನೂ ಸುಮಾರು ವರ್ಷ ಬೇಕಾತು. ಆ ನೆಡುವಿಲಿ ಬರದ್ದೆಲ್ಲ ಹಳೆ ವೇಷಲ್ಲೇ ಒಳುದತ್ತು.

ಎಂಗಳಲ್ಲಿಯೂ ಹಾಂಗೆ ಒಳುದ ಒಂದು ಫೈಲು ಇತ್ತು. ಎನ್ನ ಅತ್ತೆಗೆ ಶೋಭಾನೆ ಹಾಡುಗೊ ಬಾಯಿಗೆ ಬಕ್ಕು. ಎಣ್ಣೆ ಅರಿಶಿನದ್ದು, ಧಾರೆದು, ಆರತಿದು, ದಿಬ್ಬಣದವರ ನೆಗೆ ಮಾಡುವದು. 2006ರ ಮಳೆಗಾಲಲ್ಲಿ ಅತ್ತೆ ಹೇಳಿದವು, ಪಿಯುಸಿ ಓದಿಯೊಂಡಿತ್ತ ಎನ್ನ ಮಗಳು ಟೈಪು ಮಾಡಿತ್ತು, 43 ಹಾಡು. ಅತ್ತೆ ಈಗ ಇಲ್ಲೆ. ಅವು ಬರದು ಮಡುಗಿದ ಪುಸ್ತಕವ ಒರಳೆ ತಿಂದತ್ತು. ಹೊಸ ಲ್ಯಾಪ್‌ಟಾಪಿಂಗೆ ಆ ಫೈಲಿನ ಹಾಕಿ ಬಿಡುಸಿರೆ ಕನ್ನಡದ ಒಂದು ಅಕ್ಷರ ಇಲ್ಲೆ! ಪುಟ ಇಡೀ ತಲೆ ಮೇಲೆ ಕೊಂಬಿಪ್ಪ ಇಂಗ್ಲಿಷು ಅಕ್ಷರಂಗೊ. ಎನ್ನ ಕೈಕಾಲು ತಣ್ಣಂಗೆ ಆತು.

ಮಗಳು ಬೆಂಗಳೂರಿಂದ ಫೋನಿಲಿ ಹೇಳಿಕೊಟ್ಟತ್ತು. ಹಳೆ ಫಾಂಟಿನ ಬರಹವ ಯುನಿಕೋಡಿಂಗೆ ತಿರುಗುಸುವ ಪರಿವರ್ತಕ ಇಂಟರ್ನೆಟ್ಟಿಲಿ ಧರ್ಮಕ್ಕೆ ಸಿಕ್ಕುತ್ತು. ಫೈಲಿಂದ ಕಾಪಿ ಮಾಡಿ ಅಲ್ಲಿ ಅಂಟುಸಿ ಒತ್ತಿದೆ. ಕನ್ನಡ ಬಂತು. ಮುಕ್ಕಾಲು ವಾಸಿ ಸರಿ ಇತ್ತು, ಒತ್ತಕ್ಷರ, ಅರ್ಕಾವೊತ್ತು ಇಪ್ಪಲ್ಲಿ ಅಲ್ಲಲ್ಲಿ ಹಾಳು. ಹಾಡಿನ ಪದ ಪೇಟೆ ಕನ್ನಡದ್ದಾಗಿದ್ದರೆ ಅಂದಾಜಿಲಿ ತಿದ್ದುಲಕ್ಕು. ನಮ್ಮ ಹಳೆ ಪದಂಗಳ ಅಂದಾಜಿಲಿ ತಿದ್ದುಲಾಗ, ಗೊಂತಿಪ್ಪವೇ ಬೇಕು.

ಅತ್ತೆಯ ತಂಗೆ ಬೆಳ್ತಂಗಡಿ ಹತ್ರೆ ಇದ್ದವು, ಎಂಬತ್ತೆರಡು ವರ್ಷ. ಲ್ಯಾಪ್‌ಟಾಪಿನ ಚೀಲಲ್ಲಿ ಹಾಕಿಯೊಂಡು ಬಸ್ಸಿಲಿ ಹೋದೆ. ಮೌಸಿನ ಎಲಿ ಹೇಳಿ ಒಂದರಿಯೂ ಮುಟ್ಟದ್ದ ಜೆನ ಅವು. ಪರದೆಯ ಹಿಂದಂಗೆ ಮಡುಸಿ ಮೊಟ್ಟೆಲಿ ಮಡುಗಿ ಕೊಟ್ಟೆ. ಎರಡು ಬೆರಳಿಲಿ ಎಳದರೆ ಅಕ್ಷರ ದೊಡ್ಡ ಆವುತ್ತು ಹೇಳಿ ತೋರುಸಿದ್ದು ಒಂದೇ ಸರ್ತಿ. ಮತ್ತೆ ಅವರದ್ದೇ ಕಾರ್ಬಾರು. ಓದುಗು, ಸ್ವರ ತೆಗದು ಹಾಡುಗು, ನೆಡುಕೆ ನಿಲ್ಲುಸಿ "ಇದು ಹೀಂಗಲ್ಲ, ಅಕ್ಕ ಹೀಂಗೆ ಹೇಳ" ಹೇಳುಗು. ಆನು ಹತ್ರೆ ಕೂದು ಪೆನ್ನಿಲಿ ಕರೆಲಿ ಬರದು ಮಡುಗಿದೆ. ಪೆನ್ನಿಲಿ ಬರದ್ದು ಎನ್ನ ಕೈಬರಹ ಆಗಿಯೇ ಇರ್ತು, ಟೈಪಿನ ಅಕ್ಷರ ಆವುತ್ತಿಲ್ಲೆ. ಮತ್ತೆ ಮನೆಗೆ ಬಂದು ಕೂದು ಒತ್ತೆಕ್ಕು. ಮೂರು ಹೋಕುಬರವು ಆತು.

ದಿನ ಬಳಕೆಗೆ ಹೇಂಗೆ ಹೇಳಿ ಕೇಳ್ತರೆ: ಡೇರೆಯ ಹಾಂಗೆ ನಿಲ್ಲುಸಿ ಅಡಿಗೆಕೋಣೆಲಿ ಮಡುಗುಲಕ್ಕು, ಪುಳ್ಳಿಯ ಮೋರೆ ನೋಡಿ ಮಾತಾಡ್ಲಕ್ಕು, ಕರೆಂಟಿನ ಬಿಲ್ಲು ಕಟ್ಳಕ್ಕು. ಚೆಂಡಿ ಕೈಲಿ ಮುಟ್ಟಿರೆ ಹೇಳಿದ್ದು ಕೇಳ್ತಿಲ್ಲೆ. ಸ್ಲೇಟಿನ ಹಾಂಗೆ ಕೈಲಿ ಹಿಡುದರೆ ಹತ್ತು ನಿಮಿಷಲ್ಲಿ ಕೈ ಸೋಲುತ್ತು, ಮೊಟ್ಟೆಯೇ ಒಳ್ಳೆದು. ಕ್ರಯ ಸಾದಾ ಲ್ಯಾಪ್‌ಟಾಪಿಂದ ಹೆಚ್ಚು. ಬರೀ ಸೀರಿಯಲು ನೋಡ್ಲೆ ಆದರೆ ಇದು ಬೇಡ, ಫೋನೇ ಸಾಕು. ತೆಕ್ಕೊಂಬದಾದರೆ ಹಳತ್ತರ ಗುಜರಿಗೆ ಕೊಡುವಂದ ಮದಲು ಒಳ ಇಪ್ಪ ಕನ್ನಡ ಫೈಲುಗಳ ಹೊಸತ್ತರಲ್ಲಿ ಒಂದೊಂದೇ ಬಿಡುಸಿ ನೋಡಿ. ಕಾಪಿ ಆದರೆ ಸಾಲ, ಓದುಲೆ ಎಡಿಯೆಕ್ಕು. ಕೊಂಬಿಪ್ಪ ಅಕ್ಷರ ಕಂಡರೆ ಅಳಿಶಲಾಗ, ಅದರೊಳ ಕನ್ನಡ ಇದ್ದು.

43ರಲ್ಲಿ 41 ಹಾಡು ಸರಿ ಆತು. ಎರಡರಲ್ಲಿ ಒಡದ ಜಾಗೆ ಹಾಂಗೇ ಇದ್ದು, ಚಿಕ್ಕತ್ತೆಗೂ ಬತ್ತಿಲ್ಲೆ. ಒಂದು ಮದಿಮ್ಮಾಳಿಂಗೆ ಹೂಗು ಮುಡುಶುವಗ ಹೇಳ್ತದು, ಇನ್ನೊಂದು ದಿಬ್ಬಣದವಕ್ಕೆ ಬಾಳೆ ಹಾಕುವಗ ನೆಗೆ ಮಾಡಿ ಹೇಳ್ತದು. ಬಂಟ್ವಾಳ, ವಿಟ್ಲ ಹೊಡೆಲಿ ಹಳೆ ಅಜ್ಜಿಯಕ್ಕೊ ಆರಾರು ಹೇಳ್ತರೆ ಎನಗೆ ತಿಳುಶಿ. ಪೆನ್ನಿಂಗೆ ಚಾರ್ಜು ಹಾಕಿಯೊಂಡು ಆನೇ ಬತ್ತೆ.